ವಾರಕ್ಕೆ 200 ಕಿಲೋಮೀಟರ್ ಓಡುವವರು ಬಹುಪಾಲು ನಿಧಾನವಾಗಿಯೇ ಓಡುತ್ತಾರೆ

ಪ್ರಶ್ನೆ: ನಮಸ್ಕಾರ. ನನಗೆ 36 ವರ್ಷ. ಮೂರು ವರ್ಷದಿಂದ ಓಡುತ್ತಿದ್ದೇನೆ. ವಾರಕ್ಕೆ ಐದು ದಿನ, ದಿನಕ್ಕೆ 8 ಕಿ.ಮೀ. ಪ್ರತಿದಿನವೂ ಆದಷ್ಟು ಜೋರಾಗಿ, ಅಂದರೆ ಕಿಲೋಮೀಟರಿಗೆ ಐದೂವರೆ ನಿಮಿಷದ ಆಸುಪಾಸು. ಹಾಫ್ ಮ್ಯಾರಥಾನ್ ಮಾತ್ರ 1 ಗಂಟೆ 58 ನಿಮಿಷಕ್ಕೆ ಬಂದು ನಿಂತಿದೆ. ಒಂದೂವರೆ ವರ್ಷದಿಂದ ಕದಲಿಲ್ಲ. ಮೀನಖಂಡದಲ್ಲಿ ಯಾವಾಗಲೂ ಬಿಗಿತ. ಎಲಿಯುದ್ ಕಿಪ್‌ಚೋಗೆಯಂಥವರು ವಾರಕ್ಕೆ 200 ಕಿ.ಮೀ. ಓಡುತ್ತಾರೆ ಎಂದು ಓದಿದೆ. ಅವರ ದೇಹ ಅದನ್ನು ಹೇಗೆ ತಡೆದುಕೊಳ್ಳುತ್ತದೆ? ದಿನವೂ ಅಷ್ಟೇ ಜೋರಾಗಿ ಓಡುತ್ತಾರಾ? ಎತ್ತರದ ಜಾಗಕ್ಕೆ ಹೋಗದೆ ಅದೇ ಲಾಭ ಕೊಡುವ ಉಸಿರಾಟದ ಮಾಸ್ಕ್ ಇದೆಯಂತೆ, ತಗೊಳ್ಳಲಾ? ಅವರ ತರಬೇತಿಯಿಂದ ನಾನು ಏನನ್ನು ತೆಗೆದುಕೊಳ್ಳಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎರಡು ಅಂಕಿಗಳು. ದಿನವೂ ಓಡುವ ವೇಗ ಕಿಲೋಮೀಟರಿಗೆ ಐದೂವರೆ ನಿಮಿಷ. ಹಾಫ್ ಮ್ಯಾರಥಾನನ್ನು 1:58ಕ್ಕೆ ಮುಗಿಸಿದರೆ ಅಲ್ಲಿನ ವೇಗ 5 ನಿಮಿಷ 36 ಸೆಕೆಂಡ್. ಅಂದರೆ ನೀವು ವಾರಕ್ಕೆ ಐದು ದಿನ, ರೇಸಿಗಿಂತಲೂ ಜೋರಾಗಿ ಓಡುತ್ತಿದ್ದೀರಿ. ಜಗತ್ತಿನ ಯಾವ ದೊಡ್ಡ ದೂರದ ಓಟಗಾರನೂ ಹಾಗೆ ಮಾಡುವುದಿಲ್ಲ. ಇದನ್ನು ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ಕಷ್ಟಪಡಲು ಹಿಂಜರಿಯದವರೇ ಈ ಬಲೆಗೆ ಬೀಳುವುದು ಜಾಸ್ತಿ.

ಕಿಪ್‌ಚೋಗೆ ಹೆಸರು ನೀವೇ ತೆಗೆದಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. 2022ರಲ್ಲಿ ಬರ್ಲಿನ್‌ನಲ್ಲಿ ಅವರು ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಓಡಿದರು. ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡ್. ಅವರು ತರಬೇತಿ ಪಡೆಯುವುದು ಕೀನ್ಯಾದ ಕಪ್ತಗಾಟ್‌ನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ. ಕೋಚ್ ಪ್ಯಾಟ್ರಿಕ್ ಸಾಂಗ್, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಟೀಪಲ್‌ಚೇಸ್‌ನಲ್ಲಿ (ಅಡೆತಡೆಗಳನ್ನು ಹಾರಿ ದಾಟುವ ಓಟ) ಬೆಳ್ಳಿ ಗೆದ್ದವರು. ವಾರದ ಓಟ 200ರಿಂದ 220 ಕಿ.ಮೀ. ನೀವು ಓದಿದ ಅಂಕಿ ಸರಿಯಾಗಿಯೇ ಇದೆ.

ಆದರೆ ಆ ವಾರವನ್ನು ಬಿಡಿಸಿ ನೋಡಿ. ಕಷ್ಟದ ದಿನಗಳು ಮೂರೇ. ಮಂಗಳವಾರ ಟ್ರ್ಯಾಕ್, ಒಂದು ಕಿಲೋಮೀಟರಿನ ಓಟ ಹನ್ನೆರಡು, ಹದಿನೈದು ಬಾರಿ, ನಡುವೆ ಚಿಕ್ಕ ವಿರಾಮ. ಗುರುವಾರ ಲಾಂಗ್ ರನ್, ಒಂದು ವಾರ 30 ಕಿ.ಮೀ. ಆದರೆ ಇನ್ನೊಂದು ವಾರ 40. ಶನಿವಾರ ಫಾರ್ಟ್‌ಲೆಕ್, ಅಂದರೆ ಮೂರು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಹತ್ತು ಹನ್ನೆರಡು ಸುತ್ತು. ಉಳಿದ ದಿನಗಳಲ್ಲಿ ಏನಿದೆ? ಈಸಿ ರನ್. ಬೆಳಿಗ್ಗೆ ಒಂದು, ಹಲವು ದಿನ ಸಂಜೆ ಇನ್ನೊಂದು. ಆ ಸಂಜೆಯ ಹತ್ತು ಕಿಲೋಮೀಟರನ್ನು ಅವರ ಗುಂಪು ಎಷ್ಟೋ ಸಲ ಕಿಲೋಮೀಟರಿಗೆ 5 ನಿಮಿಷದ ಆಸುಪಾಸಿನಲ್ಲಿ ಓಡುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ಅದಕ್ಕಿಂತಲೂ ನಿಧಾನ. ರೇಸಿನಲ್ಲಿ 2:52ರ ವೇಗ ಹಿಡಿಯುವ ಮನುಷ್ಯ ತರಬೇತಿಯಲ್ಲಿ 5:00ಕ್ಕೆ ಇಳಿಯುತ್ತಾನೆ. ನಿಮ್ಮ ಬಡಾವಣೆಯ ಓಟದ ಗುಂಪಿನಲ್ಲಿ ಸ್ವಲ್ಪ ಚುರುಕಾದ ಯಾರೇ ಆದರೂ ಆ ಸಂಜೆ ಅವರ ಜೊತೆಗೇ ಓಡಬಹುದು!

ಇದು ಒಬ್ಬರ ಅಭ್ಯಾಸವಲ್ಲ. ಸ್ಟೀಫನ್ ಸೈಲರ್ ಎಂಬ ಕ್ರೀಡಾ ವಿಜ್ಞಾನಿ ನಾರ್ವೆಯಲ್ಲಿದ್ದುಕೊಂಡು ಸ್ಕೀಯಿಂಗ್, ರೋಯಿಂಗ್, ಸೈಕ್ಲಿಂಗ್, ಓಟ ಹೀಗೆ ದಮ್ಮಿನ ಆಟಗಳ ಮೇಲ್ಮಟ್ಟದವರು ನಿಜಕ್ಕೂ ಏನು ಮಾಡುತ್ತಾರೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದರು. ಬೇರೆ ಬೇರೆ ದೇಶ, ಬೇರೆ ಬೇರೆ ಕೋಚ್, ಬೇರೆ ಬೇರೆ ಆಟ. ಆದರೂ ಸುಮಾರು ಶೇಕಡಾ 80ರಷ್ಟು ತರಬೇತಿ ಹಗುರ, 20ರಷ್ಟು ಕಷ್ಟದ್ದು ಎಂಬ ಚಿತ್ರವೇ ಮತ್ತೆ ಮತ್ತೆ ಸಿಕ್ಕಿತು. 80–20 ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ. 75 ಆದರೂ 85 ಆದರೂ ಏನೂ ಕೆಡುವುದಿಲ್ಲ. ಮುಖ್ಯವಾದದ್ದು, ಹಗುರದ ದಿನ ನಿಜವಾಗಿಯೂ ಹಗುರವಾಗಿರಬೇಕು.

ಏಕೆ ಅಂತೀರಾ? ದೂರದ ಓಟಕ್ಕೆ ಬೇಕಾದ ಬದಲಾವಣೆಗಳಲ್ಲಿ ಬಹಳಷ್ಟು ನಿಧಾನದ ಓಟದಲ್ಲೇ ಆಗುತ್ತವೆ. ಹೃದಯ ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತ ಹೆಚ್ಚುತ್ತದೆ. ಸ್ನಾಯುಗಳ ಸುತ್ತ ಹೊಸ ಸಣ್ಣ ರಕ್ತನಾಳಗಳು ಹುಟ್ಟುತ್ತವೆ. ಸ್ನಾಯುವಿನ ಕೋಶಗಳಲ್ಲಿ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಇವೇ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಜಾಗಗಳು. ಕೊಬ್ಬನ್ನು ಇಂಧನವಾಗಿ ಬಳಸುವ ಸಾಮರ್ಥ್ಯ ಬೆಳೆಯುತ್ತದೆ. ಇವಕ್ಕೆಲ್ಲ ಬೇಕಾಗಿರುವುದು ಬಹಳ ಹೊತ್ತು, ಬಹಳ ಸಲ ಓಡುವುದು. ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಓಡಿದರೆ ದೇಹದ ನರವ್ಯವಸ್ಥೆ ಬೇಗ ಸಮಸ್ಥಿತಿಗೆ ಮರಳುತ್ತದೆ, ನಾಳೆ ಮತ್ತೆ ಓಡಬಹುದು. ಆ ವೇಗವನ್ನು ದಾಟಿದ ಕೂಡಲೇ ಸುಧಾರಿಸಿಕೊಳ್ಳಲು ಹಿಡಿಯುವ ಸಮಯ ಜಾಸ್ತಿಯಾಗುತ್ತದೆ. ಲಾಭ ಮಾತ್ರ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನೀವು ಓಡುತ್ತಿರುವುದು ಸರಿಯಾಗಿ ಈ ಮಧ್ಯದ ಜಾಗದಲ್ಲಿ. ದಿನಾ ಸುಸ್ತು ಬಿಡಿಸಿಕೊಳ್ಳಲು ಆಗದಷ್ಟು ಜೋರು, ಆದರೆ ಹೊಸ ಸಾಮರ್ಥ್ಯ ಹುಟ್ಟಿಸುವಷ್ಟು ಜೋರಲ್ಲ.

200 ಕಿಲೋಮೀಟರನ್ನು ದೇಹ ಹೇಗೆ ತಡೆಯುತ್ತದೆ ಎಂದು ಕೇಳಿದ್ದೀರಿ. ಅರ್ಧ ಉತ್ತರ ಇದೇ, ಅದರಲ್ಲಿ ಹೆಚ್ಚಿನದು ಹಗುರ. ಇನ್ನರ್ಧ, ವರ್ಷಗಳು. ಕಿಪ್‌ಚೋಗೆ 2003ರಲ್ಲಿ ಪ್ಯಾರಿಸ್‌ನಲ್ಲಿ ಹದಿನೆಂಟನೇ ವಯಸ್ಸಿಗೆ 5,000 ಮೀಟರ್ ವಿಶ್ವ ಚಾಂಪಿಯನ್ ಆದರು. ಅಂದು ಅವರ ಹಿಂದೆ ಬಂದವರು ಹಿಶಾಮ್ ಎಲ್ ಗೆರೂಜ್ ಮತ್ತು ಕೆನೆನಿಸಾ ಬೆಕೆಲೆ. ಮೊದಲ ಮ್ಯಾರಥಾನ್ ಓಡಿದ್ದು ಅದಾಗಿ ಹತ್ತು ವರ್ಷಕ್ಕೆ, 2013ರಲ್ಲಿ ಹ್ಯಾಂಬರ್ಗ್‌ನಲ್ಲಿ. ಮೊದಲ ವಿಶ್ವದಾಖಲೆ 2018ರಲ್ಲಿ. ನಾವು ನೋಡುವ 200 ಕಿ.ಮೀ. ಒಂದೂವರೆ ದಶಕದಲ್ಲಿ ಕಟ್ಟಿದ್ದು. ಹೃದಯ, ರಕ್ತ ಇವೆಲ್ಲ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು, ಮೂಳೆಗಳು ಹಾಗಲ್ಲ. ಅವಕ್ಕೆ ತಿಂಗಳುಗಳು, ವರ್ಷಗಳು ಬೇಕು. ದಮ್ಮು ಬಂತು ಎಂದು ದೂರ ಏರಿಸಿದವರಿಗೆ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಇದೇ ಕಾರಣಕ್ಕೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೊದಲ್ಲಿ 2:00:35ಕ್ಕೆ ಓಡಿ ಕಿಪ್‌ಚೋಗೆಯ ದಾಖಲೆ ಮುರಿದರು. ಅವರು ಕೆಲವು ವಾರ 250 ಕಿ.ಮೀ.ಗೂ ಮೇಲೆ ಓಡುತ್ತಿದ್ದರು ಎಂದು ಅವರ ಕೋಚ್ ಹೇಳಿದ್ದರು. ಮುಂದೆ ಏನಾಗುತ್ತಿತ್ತೋ ನೋಡುವ ಭಾಗ್ಯ ನಮಗಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಇಪ್ಪತ್ತನಾಲ್ಕನೇ ವಯಸ್ಸಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ವಾರದ ಅಂಕಿಯನ್ನು ಹಿಡಿದು ‘ಹೆಚ್ಚು ಓಡಿದರೆ ಹೆಚ್ಚು ವೇಗ’ ಎಂದು ಹೇಳುವವರು ಬಹಳ ಜನ. ಆದರೆ ಅಷ್ಟೇ ಓಡಲು ಹೋಗಿ ಕಾಲು ಮುರಿದುಕೊಂಡವರ ಲೆಕ್ಕ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಗೆದ್ದವರ ದಿನಚರಿ ಓದುವಾಗ ಇದು ನೆನಪಿರಲಿ.

ಹಾಗಾದರೆ ಕಷ್ಟದ ದಿನ ಹೇಗಿರುತ್ತದೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋದರೆ ಒಳ್ಳೆಯದು, ಏಕೆಂದರೆ ಇಂದಿನ ಪದ್ಧತಿ ಒಂದೇ ದಿನ ಹುಟ್ಟಿದ್ದಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದರು. ಅದು ಅವರ ಮೊದಲ ಮ್ಯಾರಥಾನ್. ಅವರ ತರಬೇತಿಯ ಜೀವಾಳ 400 ಮೀಟರಿನ ಓಟ. 20 ಬಾರಿ, 40 ಬಾರಿ, ಕೆಲವೊಮ್ಮೆ 60 ಬಾರಿ. ಅದನ್ನು ನೋಡಿ ಇಂಟರ್ವಲ್ಲೇ, ಅಂದರೆ ನಡುವೆ ವಿರಾಮ ಕೊಟ್ಟು ತುಂಡು ತುಂಡಾಗಿ ಜೋರಾಗಿ ಓಡುವುದೇ, ಸರ್ವಸ್ವ ಎಂದು ಒಂದು ತಲೆಮಾರು ನಂಬಿತು.

ಆ ನಂಬಿಕೆಯನ್ನು ಅಲುಗಾಡಿಸಿದವರು ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್. ನನಗೆ ಕೇಳಿದರೆ ಈ ಆಟದ ಇತಿಹಾಸದಲ್ಲೇ ದೊಡ್ಡ ಕೋಚ್ ಅವರು. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಎಷ್ಟು ಓಡಿದರೆ ಸರಿ, ಎಷ್ಟಾದರೆ ಅತಿ ಎಂದು ತಮ್ಮ ಮೈಮೇಲೇ ವರ್ಷಗಟ್ಟಲೆ ಪರೀಕ್ಷೆ ಮಾಡಿಕೊಂಡರು. ಕೊನೆಗೆ ವಾರಕ್ಕೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ಹದವಾದ ಓಟಕ್ಕೆ ಬಂದು ನಿಂತರು. ವಾರಕ್ಕೊಮ್ಮೆ ಆಕ್ಲೆಂಡ್‌ನ ಹೊರಗಿನ ವೈಯಾಟಾರುವಾ ಬೆಟ್ಟದ ದಾರಿಯಲ್ಲಿ ಸುಮಾರು 35 ಕಿ.ಮೀ. ಮೊದಲು ತಿಂಗಳುಗಟ್ಟಲೆ ಇದು, ಆಮೇಲೆ ಏರಿನ ಓಟ, ಕೊನೆಯಲ್ಲಷ್ಟೇ ಟ್ರ್ಯಾಕಿನ ವೇಗ. ಅವರ ಶಿಷ್ಯ ಪೀಟರ್ ಸ್ನೆಲ್ ಓಡುತ್ತಿದ್ದದ್ದು 800 ಮೀಟರ್, ಎರಡು ನಿಮಿಷವೂ ಇಲ್ಲದ ಓಟ. ಅವನೂ ಆ 35 ಕಿಲೋಮೀಟರ್ ಓಡಬೇಕಿತ್ತು. ಜನ ನಕ್ಕರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಸ್ನೆಲ್ 800 ಮೀಟರಿನಲ್ಲಿ ಚಿನ್ನ ಗೆದ್ದರು, ಅದೇ ಕೋಚ್‌ನ ಶಿಷ್ಯ ಮರ್ರೆ ಹ್ಯಾಲ್‌ಬರ್ಗ್ 5,000 ಮೀಟರಿನಲ್ಲಿ ಚಿನ್ನ ಗೆದ್ದರು. ಕೆಲವು ದಿನಗಳ ನಂತರ ಮ್ಯಾರಥಾನಿನಲ್ಲಿ ಇನ್ನೊಬ್ಬ ಶಿಷ್ಯ ಬ್ಯಾರಿ ಮಗೀಗೆ ಕಂಚು. 800 ಮೀಟರಿನಿಂದ 42 ಕಿಲೋಮೀಟರಿನವರೆಗೆ ಕೆಲಸ ಮಾಡುವ ತರಬೇತಿ ಅಂದರೆ ಅದರಲ್ಲಿ ಏನೋ ಮೂಲದ ಸಂಗತಿ ಇದೆ, ಅಲ್ವಾ? ಇಂದು ಮೇಲ್ಮಟ್ಟದ ಯಾರ ವೇಳಾಪಟ್ಟಿ ತೆಗೆದು ನೋಡಿದರೂ ಅಡಿಯಲ್ಲಿ ಲಿಡಿಯಾರ್ಡ್ ಕಾಣುತ್ತಾರೆ.

ಈಗಿನ ಹೊಸ ಮಾತು ನಾರ್ವೆಯದು. ಮಾರಿಯಸ್ ಬಾಕೆನ್ ಎಂಬ 5,000 ಮೀಟರ್ ಓಟಗಾರ ತಮ್ಮ ರಕ್ತವನ್ನು ಸಾವಿರಾರು ಬಾರಿ ಪರೀಕ್ಷಿಸಿ ಒಂದು ಪದ್ಧತಿ ಕಟ್ಟಿದರು. ಅದನ್ನು ಇಂಗೆಬ್ರಿಗ್ಟ್‌ಸೆನ್ ಸಹೋದರರು ಮುಂದಕ್ಕೆ ಒಯ್ದರು. ಅವರಲ್ಲಿ ಕಿರಿಯ ಯಾಕೊಬ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್, 2024ರ ಪ್ಯಾರಿಸ್‌ನಲ್ಲಿ 5,000 ಮೀಟರ್ ಗೆದ್ದರು. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಹೊತ್ತು ಥ್ರೆಶೋಲ್ಡ್ ಓಟ. ಬೆಳಿಗ್ಗೆ ಆರು ನಿಮಿಷದ ಓಟ ಐದು ಸಲ. ಸಂಜೆ ಒಂದು ಕಿಲೋಮೀಟರ್ ಹತ್ತು ಸಲ, ಇಲ್ಲವೇ 400 ಮೀಟರ್ ಇಪ್ಪತ್ತು ಇಪ್ಪತ್ತೈದು ಸಲ. ನಡುವೆ ಬೆರಳಿಗೋ ಕಿವಿಯ ತುದಿಗೋ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್, ಅಂದರೆ ಜೋರಾಗಿ ಓಡುವಾಗ ಸ್ನಾಯುಗಳಲ್ಲಿ ಹೆಚ್ಚು ಹುಟ್ಟುವ ವಸ್ತು, ಎಷ್ಟಿದೆ ಎಂದು ಅಳೆಯುತ್ತಾರೆ.

ಅಳೆಯುವುದು ಯಾಕೆ ಗೊತ್ತಾ? ಇನ್ನೂ ಜೋರಾಗಿ ಓಡಿಸಲು ಅಲ್ಲ, ತಡೆಯಲು. ಲ್ಯಾಕ್ಟೇಟ್ ಏರಿದರೆ ವೇಗ ಇಳಿಸುತ್ತಾರೆ. ಲ್ಯಾಕ್ಟೇಟ್ ವಿಷ, ಅದರಿಂದಲೇ ಕಾಲು ಉರಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಹೃದಯವೂ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸುತ್ತವೆ. ಆದರೆ ಬಳಕೆಗಿಂತ ಉತ್ಪತ್ತಿ ಜಾಸ್ತಿಯಾಗಿ ಅದು ರಕ್ತದಲ್ಲಿ ಒಟ್ಟಾಗಲು ಶುರುವಾಯಿತು ಅಂದರೆ, ಇನ್ನು ಹೆಚ್ಚು ಹೊತ್ತು ಈ ವೇಗ ನಡೆಯುವುದಿಲ್ಲ ಎಂಬ ಸೂಚನೆ. ಆ ಗಡಿಯೇ ಥ್ರೆಶೋಲ್ಡ್. ಸರಿಸುಮಾರು ಒಂದು ಗಂಟೆ ಕಾಲ ಹಿಡಿದಿಡಬಹುದಾದ ವೇಗ. ಅದನ್ನು ದಾಟದೆ, ಅದರ ಸ್ವಲ್ಪ ಕೆಳಗೇ ಉಳಿದು, ತುಂಡು ತುಂಡಾಗಿ ಓಡಿದರೆ ಒಂದು ದಿನದಲ್ಲಿ ಬಹಳ ಕೆಲಸ ಮಾಡಬಹುದು. ನಾಡಿದ್ದು ಮತ್ತೆ ಓಡುವಷ್ಟು ಕಾಲೂ ಉಳಿದಿರುತ್ತದೆ. ಒಲಿಂಪಿಕ್ ಚಾಂಪಿಯನ್ನೇ ವಾರದ ಕಷ್ಟದ ದಿನದಲ್ಲೂ ಕೈಯಲ್ಲಿ ಸ್ವಲ್ಪ ಉಳಿಸಿಕೊಂಡು ಮನೆಗೆ ಹೋಗುತ್ತಾನೆ ಎಂಬುದು ನಿಮ್ಮಂಥ ಹಠಗಾರರಿಗೆ ಒಗ್ಗುವ ಮಾತಲ್ಲ. ಆದರೆ ಇದೇ ನಿಮ್ಮ ಪತ್ರಕ್ಕೆ ನನ್ನ ಮುಖ್ಯ ಉತ್ತರ. ಅವರ ಶಿಸ್ತು ಕಾಣುವುದು ಜೋರಾಗಿ ಓಡುವುದರಲ್ಲಿ ಅಲ್ಲ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುವುದರಲ್ಲಿ.

ಎಲ್ಲ ಬದಲಾವಣೆಯೂ ‘ದಮ್ಮಿನ’ ಅಂಕಿಯಲ್ಲೇ ಕಾಣುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇತ್ತೀಚೆಗೆ ಎಲ್ಲರ ವಾಚೂ ವಿಒ2 ಮ್ಯಾಕ್ಸ್ (ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಂಕಿ) ತೋರಿಸುತ್ತದೆ, ಅದು ಏರಲಿಲ್ಲ ಎಂದು ಬೇಸರಪಟ್ಟುಕೊಳ್ಳುವವರು ಬಹಳ. ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್‌ನಲ್ಲಿ 2:15:25ಕ್ಕೆ ಮ್ಯಾರಥಾನ್ ಓಡಿದರು. ಮಹಿಳೆಯರ ಆ ವಿಶ್ವದಾಖಲೆ ಹದಿನಾರು ವರ್ಷ ನಿಂತಿತ್ತು. ಆಂಡ್ರ್ಯೂ ಜೋನ್ಸ್ ಎಂಬ ವಿಜ್ಞಾನಿ ಅವರನ್ನು ಹದಿಹರೆಯದಿಂದಲೇ ಪರೀಕ್ಷಿಸುತ್ತಾ ಬಂದಿದ್ದರು. 1992ರಿಂದ 2003ರವರೆಗೆ ಅವರ ವಿಒ2 ಮ್ಯಾಕ್ಸ್ 70ರ ಆಸುಪಾಸಿನಲ್ಲೇ ಇತ್ತು. ಬದಲಾದದ್ದು ಅದೇ ವೇಗದಲ್ಲಿ ಓಡಲು ಬೇಕಾಗುವ ಆಮ್ಲಜನಕ. ಅದು ಸುಮಾರು ಶೇಕಡಾ 15ರಷ್ಟು ಇಳಿಯಿತು. ಇದನ್ನು ರನ್ನಿಂಗ್ ಎಕಾನಮಿ ಎನ್ನುತ್ತಾರೆ. ವರ್ಷಗಟ್ಟಲೆ ಓಡಿ, ಕಾಲಿಗೆ ಶಕ್ತಿ ತುಂಬಿ ಅದನ್ನು ಗಳಿಸಬೇಕು. ವಾಚಿನ ಅಂಕಿ ನೋಡಿ ಬೇಸರಪಡಬೇಡಿ.

ಈಗ ಮಾಸ್ಕಿನ ವಿಚಾರ. ತಗೋಬೇಡಿ. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ, ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಕಡಿಮೆ. ಅದಕ್ಕೆ ಉತ್ತರವಾಗಿ ಮೂತ್ರಪಿಂಡಗಳು ಇಪಿಒ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತವೆ. ಅದು ಹೆಚ್ಚು ಕೆಂಪು ರಕ್ತಕಣ ಮಾಡಿಸುತ್ತದೆ. ಇದಾಗಬೇಕಾದರೆ 2,000ದಿಂದ 2,500 ಮೀಟರ್ ಎತ್ತರದಲ್ಲಿ ಮೂರು ನಾಲ್ಕು ವಾರ ಇರಬೇಕು, ದಿನದ ಬಹುಪಾಲು ಗಂಟೆ ಅಲ್ಲೇ ಕಳೆಯಬೇಕು. ಮಲಗುವುದೂ ಅಲ್ಲೇ. ಮಾಸ್ಕ್ ಹಾಕಿದರೆ ಗಾಳಿ ಎಳೆಯುವುದು ಕಷ್ಟವಾಗುತ್ತದೆ ಅಷ್ಟೇ. ಅರ್ಧ ಗಂಟೆ ಕಷ್ಟಪಟ್ಟ ಮಾತ್ರಕ್ಕೆ ರಕ್ತ ಬದಲಾಗುವುದಿಲ್ಲ. ಇನ್ನು ಎತ್ತರದಲ್ಲೂ ಒಂದು ತೊಡಕಿದೆ, ಅಲ್ಲಿ ಜೋರಾಗಿ ಓಡಲು ಆಗುವುದಿಲ್ಲ. ಅದಕ್ಕೇ ಬೆಂಜಮಿನ್ ಲೆವೀನ್ ಮತ್ತು ಜೇಮ್ಸ್ ಸ್ಟ್ರೇ–ಗುಂಡರ್‌ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓಟಗಾರರನ್ನು 2,500 ಮೀಟರಿನಲ್ಲಿ ಇರಿಸಿ, 1,250 ಮೀಟರಿಗೆ ಇಳಿಸಿ ತರಬೇತಿ ಕೊಟ್ಟರು. ನಾಲ್ಕು ವಾರದ ನಂತರ 5,000 ಮೀಟರಿನ ಸಮಯ ಸರಾಸರಿ 13 ಸೆಕೆಂಡಿನಷ್ಟು ಇಳಿಯಿತು. ಒಲಿಂಪಿಕ್ಸ್ ಮಟ್ಟದಲ್ಲಿ ಅದು ಬಹಳ. ನಿಮಗೆ? ಒಂದು ಲಾಂಗ್ ರನ್ ಸೇರಿಸಿದರೆ ನಿಮಿಷಗಳೇ ಉದುರುತ್ತವೆ. ಎತ್ತರದ ಯೋಚನೆ ಬಿಡಿ.

ಊಟ, ನಿದ್ದೆ ಇವನ್ನು ಕೊನೆಗೆ ತಳ್ಳುವವರು ಜಾಸ್ತಿ. ಮೇಲ್ಮಟ್ಟದವರು ಇವನ್ನೂ ತರಬೇತಿ ಎಂದೇ ಎಣಿಸುತ್ತಾರೆ. ರಾತ್ರಿ ಎಂಟು ಒಂಬತ್ತು ಗಂಟೆ ಮಲಗಿ, ಮಧ್ಯಾಹ್ನ ಮತ್ತೆ ಒಂದು ನಿದ್ದೆ ತೆಗೆಯುತ್ತಾರೆ. ಕೆಲಸಕ್ಕೆ ಹೋಗುವ ನಿಮಗೆ ಅದು ಆಗದು, ನಿಜ. ಆದರೆ ಐದು ಗಂಟೆ ಮಲಗಿ ಎದ್ದು ಇಂಟರ್ವಲ್ ಮಾಡುವುದಕ್ಕಿಂತ ಅಂದು ಒಂದು ಗಂಟೆ ಜಾಸ್ತಿ ಮಲಗಿ ಹಗುರವಾಗಿ ಓಡುವುದು ಮೇಲು. ಊಟದ ಲೆಕ್ಕವೂ ಸರಳವಾಗಿದೆ. ಓಡಲು ಪ್ರತಿ ಕಿಲೋಮೀಟರಿಗೆ, ದೇಹದ ತೂಕದ ಪ್ರತಿ ಕಿಲೋಗೆ, ಸುಮಾರು 1 ಕಿಲೋಕ್ಯಾಲರಿ ಬೇಕು. 56 ಕಿಲೋ ತೂಗುವವನಿಗೆ ಮ್ಯಾರಥಾನಿಗೆ 2,300ಕ್ಕೂ ಮೇಲಾಯಿತು. ಸ್ನಾಯು, ಯಕೃತ್ತುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿನ ರೂಪದಲ್ಲಿ ಇರುವುದು ಹೆಚ್ಚೆಂದರೆ 2,000ದ ಆಸುಪಾಸು. ಕೊಬ್ಬಿನಿಂದ ಒಂದಿಷ್ಟು ಬರುತ್ತದೆ, ಆದರೆ ಆ ವೇಗಕ್ಕೆ ಸಾಕಾಗುವಷ್ಟು ಬೇಗ ಬರುವುದಿಲ್ಲ. ಅದಕ್ಕೇ ಅವರು ರೇಸಿನಲ್ಲಿ ಗಂಟೆಗೆ 60ರಿಂದ 90 ಗ್ರಾಂ, ಕೆಲವರು ಇನ್ನೂ ಹೆಚ್ಚು, ಸಕ್ಕರೆಯನ್ನು ದ್ರವದ ರೂಪದಲ್ಲಿ ಕುಡಿಯುತ್ತಾರೆ. ಹೊಟ್ಟೆಗೆ ಅದು ಒಗ್ಗಲಿ ಎಂದು ಲಾಂಗ್ ರನ್‌ಗಳಲ್ಲೇ ಕುಡಿದು ಅಭ್ಯಾಸ ಮಾಡುತ್ತಾರೆ.

ತೂಕ ಇಳಿಸಿದರೆ ವೇಗ ಬರುತ್ತದೆ ಎಂದು ಊಟ ಬಿಡುವವರಿಗೆ ಒಂದು ಕಠಿಣ ಮಾತು. ಓಟಕ್ಕೆ ಖರ್ಚಾಗುವಷ್ಟು ತಿನ್ನದಿದ್ದರೆ ದೇಹ ಮೂಳೆ, ಹಾರ್ಮೋನು, ರೋಗನಿರೋಧಕ ಶಕ್ತಿಗಳ ಖರ್ಚನ್ನು ಕಡಿತ ಮಾಡುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತುಹೋಗಬಹುದು. ‘ಜಾಸ್ತಿ ಓಡಿದರೆ ಹಾಗಾಗುತ್ತೆ’ ಎಂದು ಅದನ್ನು ಸಹಜವೆಂದುಕೊಳ್ಳುತ್ತಾರೆ. ಸಹಜವಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್–ಎಸ್ ಎಂದು ಹೆಸರಿಟ್ಟು ಎಚ್ಚರಿಸಿತು. ಗಂಡಸರಿಗೂ ಬರುತ್ತದೆ. ಒಳ್ಳೆಯ ಪ್ರತಿಭೆಗಳು ಇದರಿಂದ ಇಪ್ಪತ್ತರ ಹರೆಯದಲ್ಲೇ ಮುಗಿದುಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಶೂ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೇ ಸಾಲು. ಕಾರ್ಬನ್ ಪ್ಲೇಟಿನ ದಪ್ಪ ಶೂಗಳು ಲಾಭ ಕೊಡುತ್ತವೆ ಎಂಬುದು ನಿಜ, ರೇಸಿಗೆ ಇಟ್ಟುಕೊಳ್ಳಿ, ದಿನದ ಓಟಕ್ಕೆ ಬೇಡ.

ಇನ್ನು ನಿಮ್ಮ ವಿಚಾರ. ನಿಮ್ಮ 1:58ರ ಲೆಕ್ಕದಲ್ಲಿ ಒಂದು ಗಂಟೆ ಹಿಡಿದಿಡಬಹುದಾದ ವೇಗ ಸುಮಾರು 5:25 ಇರಬೇಕು. ಹಾಗಾಗಿ ದಿನವೂ ನೀವು ಮಾಡುತ್ತಿರುವ 8 ಕಿ.ಮೀ. ಹೆಚ್ಚೂಕಡಿಮೆ ಥ್ರೆಶೋಲ್ಡ್ ಓಟವೇ. ಚಾಂಪಿಯನ್ನರು ವಾರಕ್ಕೆ ಎರಡು ದಿನ ಅಳೆದು ಮಾಡುವುದನ್ನು ನೀವು ಐದು ದಿನ ಅಳೆಯದೆ ಮಾಡುತ್ತಿದ್ದೀರಿ. ಮೀನಖಂಡ ಬಿಗಿಯದೆ ಇನ್ನೇನು ಮಾಡೀತು? ಎರಡನೆಯದು, 21 ಕಿ.ಮೀ. ರೇಸ್ ಓಡುವ ನೀವು ತರಬೇತಿಯಲ್ಲಿ 8 ಕಿಲೋಮೀಟರ್ ದಾಟಿಯೇ ಇಲ್ಲ.

ಮೊದಲ ಮೂರು ವಾರ ಒಂದೂ ಜೋರಿನ ಓಟ ಬೇಡ. ಐದು ದಿನವೂ ಕಿಲೋಮೀಟರಿಗೆ 6:45ರಿಂದ 7:15. ಕಿಪ್‌ಚೋಗೆಯ ಅನುಪಾತ ಹಿಡಿದು ಇನ್ನೂ ನಿಧಾನ ಹೋಗಬೇಡಿ, ನಡಿಗೆಯೇ ಆಗಿಬಿಡುತ್ತದೆ. ಗುರುತು ಇಷ್ಟೇ: ಪಕ್ಕದವರಿಗೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗಬೇಕು. ಮೊದಲ ವಾರ ಚಡಪಡಿಕೆ ಆಗುತ್ತದೆ. ಬೇರೆಯವರು ಹಿಂದೆ ಹಾಕಿ ಹೋಗುತ್ತಾರೆ. ಹೋಗಲಿ ಬಿಡಿ. ವಾಚಿನಲ್ಲಿ ಪೇಸ್ ಕಾಣದ ಹಾಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಾಲ್ಕನೇ ವಾರದಿಂದ ಒಂದೇ ಒಂದು ಕಷ್ಟದ ದಿನ ಸೇರಿಸಿ. ಹದಿನೈದು ನಿಮಿಷ ಹಗುರವಾಗಿ ಓಡಿ, ಆಮೇಲೆ 5:25ರಿಂದ 5:30ರ ವೇಗದಲ್ಲಿ ಐದು ನಿಮಿಷ, ನಡುವೆ ಒಂದು ನಿಮಿಷ ಜಾಗ್, ಹೀಗೆ ಐದು ಸಲ. ಐದನೆಯದು ಮುಗಿದಾಗ ಇನ್ನೊಂದು ಮಾಡಬಲ್ಲೆ ಅನ್ನಿಸಬೇಕು. ಅನ್ನಿಸದಿದ್ದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ. ವಾರದ ಕೊನೆಗೆ ಲಾಂಗ್ ರನ್, 10 ಕಿಲೋಮೀಟರಿನಿಂದ ಶುರು ಮಾಡಿ ವಾರಕ್ಕೆ ಒಂದೊಂದೇ ಏರಿಸಿ, ಪ್ರತಿ ನಾಲ್ಕನೇ ವಾರ ಇಳಿಸಿ, 16–18ರವರೆಗೆ ಒಯ್ಯಿರಿ. ಉಳಿದ ಮೂರು ದಿನ ಹಗುರ. ಅದರಲ್ಲಿ ಒಂದು ದಿನ ಕೊನೆಗೆ 20 ಸೆಕೆಂಡಿನ ಚುರುಕು ಓಟ ಆರು ಸಲ, ಕಾಲಿಗೆ ವೇಗ ಮರೆತುಹೋಗದಿರಲಿ ಎಂದು. ಏಳೆಂಟು ವಾರ ನೋವಿಲ್ಲದೆ ಕಳೆದರೆ ಆಗ ಎರಡನೆಯ ಕಷ್ಟದ ದಿನದ ಯೋಚನೆ ಮಾಡೋಣ. ಅದಕ್ಕೆ ಮೊದಲು ಬೇಡ.

ಮೀನಖಂಡಕ್ಕೆ ವಾರಕ್ಕೆ ಎರಡು ದಿನ ವ್ಯಾಯಾಮ ಕೊಡಿ. ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ನಿಧಾನವಾಗಿ, ಹದಿನೈದರ ಮೂರು ಸುತ್ತು. ಮೊಣಕಾಲು ನೇರ ಇಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ. ಓಡುವಾಗ ಆ ಸ್ನಾಯುವಿನ ಮೇಲೆ ದೇಹದ ತೂಕದ ಹಲವು ಪಟ್ಟು ಹೊರೆ ಬೀಳುತ್ತದೆ, ಬರೀ ಎಳೆದು ಹಿಗ್ಗಿಸಿದರೆ ಸಾಲದು, ಗಟ್ಟಿಯಾಗಬೇಕು. ಬಿಗಿತದ ಬದಲು ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ಅಥವಾ ರಾತ್ರಿ ಮಲಗಿದಾಗಲೂ ನೋವು ಇದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಅದು ಮೂಳೆಯ ಬಿರುಕಿನ ಲಕ್ಷಣ ಇರಬಹುದು.

ಸುಧಾರಿಸುತ್ತಿದ್ದೇನೆಯೇ ಎಂದು ತಿಳಿಯಲು ರೇಸ್ ಓಡಬೇಕಾಗಿಲ್ಲ. ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ, ಹೆಚ್ಚೂಕಡಿಮೆ ಒಂದೇ ಹವೆಯಲ್ಲಿ, ಒಂದೇ ಹಾರ್ಟ್‌ರೇಟ್‌ನಲ್ಲಿ 6 ಕಿ.ಮೀ. ಹಗುರವಾಗಿ ಓಡಿ ಸಮಯ ಬರೆದಿಡಿ. ಹಾರ್ಟ್‌ರೇಟ್ ಅಷ್ಟೇ ಇದ್ದು ಸಮಯ ಇಳಿಯುತ್ತಿದ್ದರೆ ತರಬೇತಿ ಹಿಡಿದಿದೆ. ಮುಂದಿನ ಹಾಫ್ ಮ್ಯಾರಥಾನನ್ನು ಕಡಿಮೆಯೆಂದರೆ ನಾಲ್ಕು ತಿಂಗಳು ದೂರ ಇಡಿ. ಅದಕ್ಕೆ ಮೊದಲಿನ ಎರಡು ವಾರ ದೂರವನ್ನು ಸುಮಾರು ಅರ್ಧಕ್ಕೆ ಇಳಿಸಿ, ಆ ಐದೈದು ನಿಮಿಷದ ಓಟಗಳನ್ನು ಮಾತ್ರ ಕಡಿಮೆ ಸಂಖ್ಯೆಯಲ್ಲಿ ಉಳಿಸಿಕೊಳ್ಳಿ. ಮೇಲ್ಮಟ್ಟದವರೂ ರೇಸಿಗೆ ಮುಂಚೆ ದೂರ ಇಳಿಸುತ್ತಾರೆ, ವೇಗ ಬಿಡುವುದಿಲ್ಲ. ರೇಸಿನ ಮೊದಲ 5 ಕಿಲೋಮೀಟರನ್ನು 5:36ಕ್ಕಿಂತ ಜೋರಾಗಿ ಓಡಬೇಡಿ. ಎಷ್ಟೇ ಹಗುರ ಅನ್ನಿಸಿದರೂ ವೇಗ ಏರಿಸುವುದು ಹತ್ತು ಕಿಲೋಮೀಟರ್ ಕಳೆದ ಮೇಲೆ.